ಮನೆಯ ಅಕ್ಷರ

ಘಾಟು ವಾಸನೆಯ ಹೂ ಮಾತ್ರ ಬೇಡ, ಅವರಿಗೆ ತಲೆನೋವು ಬರುತ್ತೆ ಎಂದು ಫೋನಿನ ಆಚೆಯ ದನಿ ಹೇಳಿದಾಗ ಅವನು ಎಂದಿನಂತೆ ‘ಆಗ್ಲಿ ಸಾರ್’ ಎಂದಿದ್ದ. ಹನ್ನೊಂದು ವರ್ಷಗಳಿಂದ ಇದೇ ಅಂಗಡಿಯಲ್ಲಿ, ಇದೇ ಎತ್ತರದ ಸ್ಟೂಲಿನ ಮೇಲೆ ಕೂತು ಹೂಗುಚ್ಛದ ಆರ್ಡರ್ ಬರೆದುಕೊಳ್ಳುವವನಿಗೆ ಜನರ ಇಂಥ ಸೂಕ್ಷ್ಮಗಳು ಹೊಸದಲ್ಲ. ಒಬ್ಬರಿಗೆ ಹಳದಿ ಬಣ್ಣ ಕಂಡರಾಗದು, ಇನ್ನೊಬ್ಬರ ಮನೆಯ ಬೆಕ್ಕು ಎಲೆ ತಿಂದು ಹಾಸಿಗೆಯ ಮೇಲೆ ಕಾರಿಕೊಳ್ಳುತ್ತದೆ. ‘ಕಾರ್ನೇಷನ್ ಹಾಕೋಣ ಸಾರ್, ಜೊತೆಗೆ ನಾಲ್ಕು ಜರ್ಬೆರಾ. ಮೂಗಿಗೆ ಹಿಡಿದ್ರೂ ವಾಸನೆ ಬರಲ್ಲ’ ಎಂದು ತಾನೇ ಸಲಹೆಯನ್ನೂ ಕೊಟ್ಟ. ದನಿ ಸಂತೋಷಪಟ್ಟಿತು. ‘ನೀವು ಹೇಳಿದ್ ಮೇಲೆ ಸರಿಯಾಗೇ ಇರುತ್ತೆ ಬಿಡಿ’ ಎಂದಿತು. ಆಮೇಲೆ ವಿಳಾಸ. ಹಳೇ ಮಾರುಕಟ್ಟೆಯ ಹಿಂದಿನ ರಸ್ತೆ, ಔಷಧಿ ಅಂಗಡಿಯ ಮೇಲಿನ ಮಹಡಿ, ಫಿಸಿಯೋಥೆರಪಿ ಕ್ಲಿನಿಕ್. ಅಲ್ಲಿಯವರೆಗೆ ಓಡುತ್ತಿದ್ದ ಪೆನ್ನು ಅಲ್ಲಿ ನಿಂತಿತು. ಯಾರ ಹೆಸರಿಗೆ ಎಂದು ಕೇಳಿದ. ದನಿ ಅವನ ಹೆಂಡತಿಯ ಹೆಸರು ಹೇಳಿತು. ಪೂರ್ತಿ ಹೆಸರು. ಮನೆಯಲ್ಲಿ ಎಲ್ಲರೂ ಅರ್ಧಕ್ಕೆ ಕತ್ತರಿಸಿ ಕರೆಯುವ ಹೆಸರಿನ ಒಂದಕ್ಷರವನ್ನೂ ಬಿಡದೆ, ಅವಸರವಿಲ್ಲದೆ, ಬಾಯಿಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು ಹೇಳಿತು. ಕಾರ್ಡಿನಲ್ಲಿ ಏನು ಬರೀಲಿ ಎಂದು ಕೇಳಿದ್ದು ಅವನಲ್ಲ, ಅವನ ಹನ್ನೊಂದು ವರ್ಷದ ಅಭ್ಯಾಸ. ‘ಇಷ್ಟು ದಿನ ತಾಳಿಕೊಂಡಿದ್ದಕ್ಕೆ. ಅಷ್ಟೇ ಸಾಕು.’ ಕೆಳಗೆ ಹೆಸರು? ಆ ಕಡೆ ಸಣ್ಣದಾಗಿ ನಗು. ‘ಬೇಡ. ಅವರಿಗೆ ಗೊತ್ತಾಗುತ್ತೆ. ನಾಲ್ಕು ಗಂಟೆ ಒಳಗೆ ತಲುಪಿದ್ರೆ ಸಾಕು.’

ಫೋನು ಇಟ್ಟ ಮೇಲೆ ಅವನು ಮಾಡಿದ ಮೊದಲ ಕೆಲಸ ತನ್ನ ಅಂಗಿಯ ತೋಳನ್ನು ಮೂಗಿಗೆ ಹಿಡಿದು ಮೂಸಿದ್ದು. ಏನೂ ವಾಸನೆ ಬರಲಿಲ್ಲ. ಬರುವುದಾದರೂ ಹೇಗೆ? ಹೂವಂಗಡಿಯವನ ಮೂಗು ಎಂದೋ ಸತ್ತುಹೋಗಿರುತ್ತದೆ ಎಂದು ಅಂಗಡಿಯ ಯಜಮಾನಿ ಆಗಾಗ ನಗುವುದುಂಟು. ಆದರೆ ಹೆಂಡತಿಯ ಮೂಗು ಸತ್ತಿಲ್ಲವಲ್ಲ. ಸಂಜೆ ಬಾಗಿಲು ತೆಗೆಯುತ್ತಲೇ ‘ಮೊದ್ಲು ಸ್ನಾನ ಮಾಡ್ಬಿಡಿ, ನೀರು ಕಾದಿದೆ’ ಅನ್ನುವವಳು, ಅಂಗಿಯನ್ನು ಎರಡು ಬೆರಳಲ್ಲಿ ಎತ್ತಿಕೊಂಡು ಬಾಲ್ಕನಿಯ ತಂತಿಗೆ ಹಾಕುವವಳು, ಚಳಿಗಾಲದಲ್ಲೂ ಕಿಟಕಿ ತೆರೆದು ಅತ್ತ ಮುಖ ಮಾಡಿ ಮಲಗುವವಳು. ನೀರು ಕಾಯಿಸಿಡುವುದನ್ನು ಅವನು ಪ್ರೀತಿ ಎಂದುಕೊಂಡಿದ್ದ, ಅಂಗಿಯದನ್ನು ಶುಚಿ ಎಂದು, ಕಿಟಕಿಯದನ್ನು ಅವಳ ತವರಿನ ರೂಢಿ ಎಂದು. ಮದುವೆಯಾದ ಹೊಸತರಲ್ಲಿ ದಿನಾ ಒಂದು ಉಳಿದ ಹೂವನ್ನು ಜೇಬಿನಲ್ಲಿಟ್ಟುಕೊಂಡು ಹೋಗುತ್ತಿದ್ದ. ‘ಅಂಗಡಿಗೆ ನಷ್ಟ ಮಾಡ್ಬೇಡಿ’ ಎಂದು ಅವಳು ನಿಲ್ಲಿಸಿದ್ದಳು. ಅಂಗಡಿಯನ್ನು ನೋಡಲು ಒಂದು ಸಲವೂ ಬಂದಿರಲಿಲ್ಲ. ಕೆಲಸ, ದೂರ, ಸುಸ್ತು ಎನ್ನುತ್ತಿದ್ದಳು. ಹನ್ನೊಂದು ವರ್ಷ ತನ್ನಿಂದ ಮುಚ್ಚಿಟ್ಟ ತಲೆನೋವನ್ನು ಅವಳು ಇನ್ಯಾವನಿಗೋ ಹೇಳಿದ್ದಾಳೆ. ತುಟಿಗೆ ಮುತ್ತು ಕೊಟ್ಟಳು ಎಂದು ಯಾರಾದರೂ ಬಂದು ಹೇಳಿದ್ದರೂ ಇಷ್ಟು ಉರಿಯುತ್ತಿರಲಿಲ್ಲವೇನೋ ಎನ್ನಿಸಿತು. ಮುತ್ತು ಒಂದು ಗಳಿಗೆಯ ಹುಚ್ಚು ಎನ್ನಬಹುದು. ತಲೆನೋವು ಹೇಳಿಕೊಳ್ಳಲು ಹತ್ತಿರ ಕೂರಬೇಕು, ಹೊತ್ತು ಬೇಕು, ಕೇಳುವವನ ಮುಖ ನೋಡಬೇಕು.

ಯಾರಿರಬಹುದು? ಅವಳ ಕೆಲಸವೇ ಅಂಥದ್ದು. ಮುರಿದವರನ್ನು, ಸೆಟೆದುಕೊಂಡವರನ್ನು, ಅರ್ಧ ಮೈ ಮರಗಟ್ಟಿದವರನ್ನು ಹಿಡಿದು ನಿಲ್ಲಿಸಿ ನಡೆಸುವುದು. ಒಮ್ಮೆ ಅವಳ ಟಿಫಿನ್ ಡಬ್ಬಿ ಕೊಡಲು ಹೋದಾಗ ಬಾಗಿಲ ಗಾಜಿನಿಂದ ನೋಡಿದ್ದ. ಒಬ್ಬ ಗಂಡಸು ಎರಡು ಕಂಬಿಗಳ ನಡುವೆ ನಿಂತಿದ್ದ. ಅವಳು ಅವನ ಸೊಂಟಕ್ಕೆ ಕೈಕೊಟ್ಟು, ‘ಬನ್ನಿ, ಬನ್ನಿ, ನಾನಿದ್ದೀನಿ, ಬಿಡಲ್ಲ’ ಎಂದು ಹಿಂದೆ ಹಿಂದೆ ಹೆಜ್ಜೆಯಿಡುತ್ತಿದ್ದಳು. ನಾನಿದ್ದೀನಿ, ಬಿಡಲ್ಲ. ಆಗ ಹೆಮ್ಮೆಯಾಗಿತ್ತು. ಡಬ್ಬಿಯನ್ನು ಹೊರಗಿನ ಮೇಜಿನ ಮೇಲಿಟ್ಟು ಸದ್ದಿಲ್ಲದೆ ಬಂದಿದ್ದ. ಈಗ ಆ ಸೊಂಟದ ಗಂಡಸಿಗೆ ಅವನು ಈ ಬೆಳಗಿನ ದನಿಯನ್ನು ಜೋಡಿಸಿದ, ಮೀಸೆ ಕೊಟ್ಟ, ಮೀಸೆ ತೆಗೆದ, ಒಳ್ಳೆಯ ಬಟ್ಟೆ ಹಾಕಿಸಿದ. ಯಾವುದನ್ನು ಹಾಕಿದರೂ ಒಪ್ಪುತ್ತಿತ್ತು, ಅದೇ ಸಂಕಟ.

ಯಜಮಾನಿ ಸಗಟು ಮಂಡಿಗೆ ಹೋಗಿದ್ದಳು. ಹಾಗಾಗಿ ಕಟ್ಟುವ ಕೆಲಸವೂ ಅವನದೇ. ಕಾರ್ನೇಷನ್ ಬಕೆಟ್ಟಿನಲ್ಲಿ ಕೈಹಾಕಿ ಎಂಟು ಕಡ್ಡಿ ಎತ್ತಿದ. ನೀರು ಒದರಿದ. ಮತ್ತೆ ಬಕೆಟ್ಟಿಗೇ ಬಿಟ್ಟ. ಮೂಲೆಯಲ್ಲಿ ಸುಗಂಧರಾಜವಿತ್ತು, ಆ ದಿನ ಬೆಳಿಗ್ಗೆ ಬಂದದ್ದು, ಅರ್ಧ ಅರಳಿದ್ದು. ಅಂದರೆ ಇನ್ನು ಎರಡು ದಿನ ವಾಸನೆ ಏರುತ್ತಲೇ ಹೋಗುವಂಥದ್ದು. ಕೈ ತಾನಾಗಿ ಅತ್ತ ಹೋಯಿತು ಎಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡ, ಆದರೆ ಕೈ ತಾನಾಗಿ ಎಲ್ಲಿಗೂ ಹೋಗಿರಲಿಲ್ಲ. ಅವನೇ ಎಣಿಸಿದ್ದ, ಇಪ್ಪತ್ತು ಕಡ್ಡಿ. ಬರಲಿ ತಲೆನೋವು. ಫೋನು ಮಾಡಿದವನಿಗೆ ತನ್ನ ವಿಷಯ ಎಷ್ಟು ಹೇಳಿದರೂ ಅಷ್ಟೇ ಎಂದು ಅವಳಿಗೆ ಗೊತ್ತಾಗಲಿ. ಕಿಟಕಿಯಾಚೆ ಬಿಸಾಡಲಿ. ಜರಿಗಿಡದ ಎಲೆ ಸುತ್ತಿದ, ಬಿಳಿ ಕಾಗದ, ನೀಲಿ ರಿಬ್ಬನ್. ಇಷ್ಟು ಚೆಂದದ ಗುಚ್ಛವನ್ನು ಅವನು ಈ ವರ್ಷ ಕಟ್ಟಿರಲಿಲ್ಲ. ಆಮೇಲೆ ಕಾರ್ಡು ಎಳೆದುಕೊಂಡ. ಈ ಅಂಗಡಿಯಲ್ಲಿ ಕಾರ್ಡು ಅಚ್ಚು ಹಾಕಿಸುವ ಪದ್ಧತಿಯಿಲ್ಲ, ಗಿರಾಕಿ ಹೇಳಿದ ಮಾತನ್ನು ಹೇಳಿದಂತೆಯೇ ಕೈಯಲ್ಲಿ ಬರೆಯಬೇಕು. ಅದಕ್ಕೆಂದೇ ಯಜಮಾನಿ ಮೊದಲ ತಿಂಗಳು ಕೂರಿಸಿ ಒಂದು ದುಂಡಕ್ಷರ ಕಲಿಸಿದ್ದಳು. ನೆಟ್ಟಗೆ ನಿಲ್ಲುವ, ಎಲ್ಲೂ ಬಾಗದ, ಯಾರದೂ ಅಲ್ಲದ ಅಕ್ಷರ. ‘ಓದಿದವರಿಗೆ ಕಳಿಸಿದವರ ಮುಖ ಕಾಣ್ಬೇಕು, ನಿಮ್ಮದಲ್ಲ’ ಎಂದಿದ್ದಳು. ಅವನದೇ ಅಕ್ಷರ ಬೇರೆ, ಬಲಕ್ಕೆ ವಾಲುವ, ಬಾಲ ಉದ್ದದ, ಅವಸರದ ಅಕ್ಷರ. ಅದು ಸಾಮಾನಿನ ಪಟ್ಟಿಗೆ, ‘ಬೀಗ ಪಕ್ಕದ ಮನೇಲಿದೆ’ ಎಂಬ ಚೀಟಿಗೆ, ಮನೆಗೆ ಮಾತ್ರ. ಇಷ್ಟು ದಿನ ತಾಳಿಕೊಂಡಿದ್ದಕ್ಕೆ ಎಂದು ಹಲ್ಲು ಕಚ್ಚಿ ಬರೆದು, ಓದದೆ, ಲಕೋಟೆಗೆ ಹಾಕಿ ಅಂಟಿಸಿಬಿಟ್ಟ.

ಹೂ ತಲುಪಿಸುವವನನ್ನು ಅಂಗಡಿಯಲ್ಲಿ ಎಲ್ಲರೂ ಎಕ್ಸ್‌ಪ್ರೆಸ್ ಎಂದು ಕರೆಯುತ್ತಿದ್ದರು. ಐವತ್ತು ದಾಟಿದ ಭಾರಿ ಆಳು, ಸ್ಕೂಟರನ್ನು ನಡೆದುಹೋಗುವವರ ವೇಗದಲ್ಲಿ ಓಡಿಸುತ್ತಿದ್ದ. ಅವನು ಮೂರೂವರೆಗೆ ಮರಳಿ ಬರುವತನಕ ಇವನು ಎರಡು ಆರ್ಡರುಗಳಲ್ಲಿ ಮನೆ ನಂಬರು ತಪ್ಪು ಬರೆದ. ‘ಏನಂದ್ರು?’ ಎಂದು ಕೇಳಿದಾಗ ದನಿ ಸಾಧಾರಣವಾಗಿರಲಿ ಎಂದು ಕತ್ತರಿಯನ್ನು ಒರೆಸುತ್ತಿದ್ದ. ‘ಯಾರು?’ ‘ಅದೇ, ಆ ಫಿಸಿಯೋಥೆರಪಿ.’ ‘ಓ, ಆಯಮ್ಮನಾ? ಅದೇನು ಖುಷಿ ಅಂತೀರಾ! ಕಾರ್ಡು ನೋಡಿದ್ದೇ ನೋಡಿದ್ದು, ಅಲ್ಲೇ ಕುರ್ಚಿ ಮೇಲೆ ಕೂತ್ಬಿಟ್ರು. ಕಣ್ಣಲ್ಲಿ ನೀರು. ನಂಗೆ ಟೀ ಬೇರೆ ಕುಡಿಸಿದ್ರು.’ ಎಕ್ಸ್‌ಪ್ರೆಸ್ ಮೀಸೆ ಒರೆಸಿಕೊಂಡು ನಕ್ಕ. ‘ಕಳಿಸಿದೋನು ಪುಣ್ಯವಂತ ಬಿಡಿ.’ ಕತ್ತರಿ ಕೆಳಗೆ ಬಿತ್ತು. ಹೆಸರಿಲ್ಲ, ಆದರೂ ಅವಳಿಗೆ ಗೊತ್ತಾಗಿದೆ. ಆ ದನಿ ಹೇಳಿದಂತೆಯೇ ಗೊತ್ತಾಗಿದೆ. ಇಪ್ಪತ್ತು ಕಡ್ಡಿ ಸುಗಂಧರಾಜಕ್ಕೂ ಅವಳನ್ನು ತಡೆಯಲಾಗಿಲ್ಲ.

ಆ ಸಂಜೆ ಮೆಟ್ಟಿಲು ಹತ್ತುವಾಗ ಏನೇನು ಕೇಳಬೇಕೆಂದು ಸಾಲಾಗಿ ಜೋಡಿಸಿಕೊಂಡಿದ್ದ. ಮೊದಲು ಏನೂ ಗೊತ್ತಿಲ್ಲದವನಂತೆ ಇರಬೇಕು. ಅವಳಾಗಿ ಹೇಳುತ್ತಾಳೋ ಮುಚ್ಚಿಡುತ್ತಾಳೋ ನೋಡಬೇಕು. ಹೂವನ್ನು ಖಂಡಿತ ಮನೆಗೆ ತಂದಿರುವುದಿಲ್ಲ, ಕ್ಲಿನಿಕ್ಕಿನಲ್ಲೇ ಬಿಟ್ಟು ಬರುವಷ್ಟು ಜಾಣೆ. ಬಾಗಿಲು ತೆರೆದದ್ದು ಅಕ್ಕ, ಕೆಳಗಿನ ಮನೆಯಲ್ಲೇ ಇರುವವಳು, ತಮ್ಮನ ಮನೆಯಲ್ಲಿ ಏನು ನಡೆದರೂ ಮೊದಲ ಸಾಲಿನಲ್ಲಿ ಕೂತು ನೋಡುವವಳು. ‘ಬಾರಪ್ಪ ಬಾ, ಕಳ್ಳ! ಹನ್ನೊಂದು ವರ್ಷ ಆದ್ಮೇಲಾದ್ರೂ ಬುದ್ಧಿ ಬಂತಲ್ಲ. ನಿಮ್ಮ ಭಾವ ಇದಾರೆ, ಇವತ್ತಿನವರೆಗೆ ನಂಗೊಂದು ಎಲೆ ತಂದುಕೊಟ್ಟಿಲ್ಲ.’ ನಡುಮನೆಯ ಮೇಜಿನ ಮೇಲೆ, ಉಕ್ಕಿನ ಬಿಂದಿಗೆಯಲ್ಲಿ, ನೀಲಿ ರಿಬ್ಬನ್ನನ್ನೂ ಬಿಚ್ಚದೆ ಇಟ್ಟಿದ್ದ ಅವನದೇ ಇಪ್ಪತ್ತು ಕಡ್ಡಿ. ಅಡುಗೆಮನೆಯಿಂದ ಬಂದ ಹೆಂಡತಿ ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ ಅವನತ್ತ ನೋಡಿದಳು. ಅವಳು ಹಾಗೆ ನೋಡಿ ಎಷ್ಟು ವರ್ಷವಾಗಿತ್ತೆಂದು ಲೆಕ್ಕ ಹಾಕಲು ಹೋದರೆ ಭಯವಾಗುತ್ತಿತ್ತು. ಅವನು ಇಂಗು ತಿಂದ ಮಂಗನಂತೆ ಚಪ್ಪಲಿಯನ್ನೂ ಬಿಡದೆ ನಿಂತ. ‘ಹೆಸರು ಹಾಕದಿದ್ರೆ ಗೊತ್ತಾಗಲ್ಲ ಅಂದ್ಕೊಂಡ್ರಾ?’ ಎಂದಳು. ‘ನೀವು ಹೇಳ್ತಿದ್ದ ಅಂಗಡಿ ಅಕ್ಷರ ಆಗಿದ್ರೆ ಯಾರೋ ಪೇಷಂಟು ಅಂದ್ಕೊತಿದ್ದೆ. ಇದು ಮನೆ ಅಕ್ಷರ ಅಲ್ವಾ?’ ಕಾರ್ಡನ್ನು ಅವನ ಮುಂದೆ ಹಿಡಿದಳು. ಬಲಕ್ಕೆ ವಾಲಿದ, ಬಾಲ ಉದ್ದದ ಮೂರು ಪದ. ಹಲ್ಲು ಕಚ್ಚಿದ್ದು ಕೂಡ ಅಕ್ಷರದಲ್ಲಿ ಕಾಣುತ್ತಿತ್ತು, ಅದನ್ನೇ ಅವಳು ಬೇರೆ ಏನೋ ಎಂದು ಓದಿಕೊಂಡಿದ್ದಳು. ‘ಇಷ್ಟು ದಿನ ತಾಳಿಕೊಂಡಿದ್ದಕ್ಕೆ ಅಂತೆ’ ಎಂದು ಅಕ್ಕ ಗಹಗಹಿಸಿದಳು. ‘ನಿನ್ನನ್ನ ತಾಳ್ಕೊಳ್ಳೋದು ಎಷ್ಟು ಕಷ್ಟ ಅಂತ ಈಗ ಗೊತ್ತಾಯ್ತಾ?’ ಈಗ ಹೇಳಬೇಕಿತ್ತು. ಬಾಯಿ ತೆರೆದರೆ ಮುಗಿಯುತ್ತಿತ್ತು. ಅವನು ನಕ್ಕ. ‘ಸುಮ್ನೆ, ಏನೋ ಅನ್ನಿಸ್ತು’ ಎಂದ.

ಅವತ್ತು ಅವಳು ಸ್ನಾನ ಮಾಡಿ ಅನ್ನಲಿಲ್ಲ. ಊಟಕ್ಕೆ ಬಡಿಸುವಾಗ ಭುಜಕ್ಕೆ ಭುಜ ತಾಗಿಸಿದಳು, ಕ್ಲಿನಿಕ್ಕಿನ ಕತೆ ಹೇಳಿದಳು, ಅಲ್ಲಿ ಎಲ್ಲರೂ ಹೇಗೆ ಗೋಳು ಹೊಯ್ದುಕೊಂಡರು, ತಾನು ಹೇಗೆ ‘ನನ್ನ ಗಂಡ ಕಳಿಸಿದ್ದು’ ಎಂದು ಬಂದವರಿಗೆಲ್ಲ ತೋರಿಸಿದೆ ಎಂದು. ತುತ್ತು ನುಂಗುತ್ತ ಅವನು ಆ ‘ನನ್ನ ಗಂಡ’ ಎಂಬವನನ್ನು ದ್ವೇಷಿಸಿದ. ಯಾರವನು? ಹೆಂಡತಿಯ ಸಹನೆಯನ್ನು ಎಣಿಸಿಟ್ಟುಕೊಂಡು, ಒಂದು ಸಾಧಾರಣ ದಿನ, ಕಾರಣವಿಲ್ಲದೆ ಹೂ ಕಳಿಸುವ ಆ ದೊಡ್ಡ ಮನುಷ್ಯ ಯಾರು? ಬೆಳಗಿನ ಆ ದನಿಯ ಮೇಲಿದ್ದ ಉರಿ ಈಗ ಇಬ್ಬರಿಗೆ ಹಂಚಿಹೋಗಿತ್ತು. ಎರಡನೆಯವನಂತೂ ಅವನ ತಟ್ಟೆಯಲ್ಲೇ ಉಣ್ಣುತ್ತಿದ್ದ. ಊಟವಾದ ಮೇಲೆ ಅವಳು ಬಿಂದಿಗೆಯನ್ನೆತ್ತಿ ಮಲಗುವ ಕೋಣೆಯಲ್ಲಿ ತನ್ನ ತಲೆಯ ಬಳಿಯ ಕಿಟಕಿಯ ಕಟ್ಟೆಯ ಮೇಲಿಟ್ಟಳು. ಗಾಳಿಗೆ ದಳ ಉದುರುತ್ತೆ ಎಂದು ಕಿಟಕಿ ಮುಚ್ಚಿದಳು. ‘ಹೊರಗಿಡು, ವಾಸನೆ ಜಾಸ್ತಿ’ ಎಂದ ಅವನು. ‘ಇರ್ಲಿ ಬಿಡಿ, ನೀವು ಕೊಟ್ಟಿದ್ದು’ ಎಂದಳು. ಅವನತ್ತಲೇ ಮುಖ ಮಾಡಿ ಮಲಗಿದಳು. ಹೆಬ್ಬೆರಳಿನಿಂದ ಹಣೆಯ ಒಂದು ಪಕ್ಕವನ್ನು ಒತ್ತಿಕೊಂಡಿದ್ದಳು. ಅದು ಅವಳು ಮಲಗುವ ಭಂಗಿ ಎಂದೇ ಅವನು ಹನ್ನೊಂದು ವರ್ಷ ತಿಳಿದಿದ್ದ. ಬೆಳಿಗ್ಗೆ ಹಲ್ಲುಜ್ಜಲು ಹೋದಾಗ ಬಚ್ಚಲಿನ ಕಸದ ಬುಟ್ಟಿಯಲ್ಲಿ ಖಾಲಿ ಮಾತ್ರೆಯ ಹಾಳೆ ಬಿದ್ದಿತ್ತು, ಅದರ ಮೇಲೆ ಮುಚ್ಚಲೆಂದು ಮಡಿಸಿ ಹಾಕಿದ್ದ ಕಾಗದ. ಅವಳ ಕಣ್ಣು ಊದಿಕೊಂಡಿತ್ತು. ‘ಒಳ್ಳೇ ನಿದ್ದೆ ಬಂತು’ ಎಂದು ಕಾಫಿ ಕೊಟ್ಟಳು. ಅವನು ಕುಡಿದ. ಹೇಳಬೇಕು, ಇವತ್ತು ಸಂಜೆ ಹೇಳಬೇಕು, ಇಲ್ಲದಿದ್ದರೆ ಈ ಹೂ ಬಾಡಿದರೂ ಅವಳು ಒಣಗಿಸಿ ಎಲ್ಲಾದರೂ ತೆಗೆದಿಡುತ್ತಾಳೆ. ಹೇಳಿದರೆ ನಿನ್ನೆಯ ಆ ನೋಟ ಅದರ ಮಾಲೀಕನಿಗೆ ಹೊರಟುಹೋಗುತ್ತದೆ. ಬಸ್ಸಿನಲ್ಲಿ ನಿಂತು ಅಂಗಡಿ ತಲುಪುವವರೆಗೂ ಈ ಎರಡರ ನಡುವೆ ಓಲಾಡಿದ.

ಹತ್ತು ಗಂಟೆಗೆ ಅಂಗಡಿಯ ಮುಂದೆ ಆಟೋ ನಿಂತಿತು. ಊರುಗೋಲು ಮೊದಲು ಇಳಿಯಿತು, ಆಮೇಲೆ ಒಂದು ಕಾಲು, ತುಂಬಾ ಹೊತ್ತಾದ ಮೇಲೆ ಇನ್ನೊಂದು. ಅಂಗಡಿಯ ಮುಂದಿನ ಮೂರು ಮೆಟ್ಟಿಲನ್ನು ಆತ ಒಂದೊಂದಾಗಿ, ಪ್ರತಿ ಮೆಟ್ಟಿಲಿನಲ್ಲೂ ನಿಂತು, ತುಟಿಯಲ್ಲಿ ಏನೋ ಎಣಿಸಿಕೊಂಡು ಹತ್ತಿದ. ನಲವತ್ತೈದರ ಆಸುಪಾಸು. ಮೀಸೆಯಿಲ್ಲ. ಅಂಗಿಯ ಒಂದು ಗುಂಡಿ ತಪ್ಪು ತೂತಿಗೆ ಹಾಕಿತ್ತು, ಎಡಗೈಗೆ ಇನ್ನೂ ಹಿಡಿತ ಬಂದಿರಲಿಲ್ಲ. ‘ನಿನ್ನೆ ಫೋನಲ್ಲಿ ಮಾತಾಡಿದ್ದು ನೀವೇ ಅಲ್ವಾ?’ ಎಂದಾಗ ಅವನಿಗೆ ದನಿ ಗುರುತಾಯಿತು. ಒಂದು ದಿನ ಪೂರ್ತಿ ಅವನು ಮೀಸೆ ಇಟ್ಟು ತೆಗೆದು ಮಾಡಿದ ಗಂಡಸಿಗೂ ಈ ಮನುಷ್ಯನಿಗೂ ಸಂಬಂಧವಿರಲಿಲ್ಲ. ಹಾಗೆಂದು ಉರಿ ಕಡಿಮೆಯಾಗಲಿಲ್ಲ. ಕುರ್ಚಿ ಎಳೆದು ಕೊಟ್ಟ. ಆತ ಕೂತು ಉಸಿರು ಸರಿಮಾಡಿಕೊಂಡ. ‘ಜಗಳಕ್ಕೆ ಬಂದಿಲ್ಲ. ನನ್ನ ಬೊಕೆ ನಿನ್ನೆ ಹೋಗ್ಲಿಲ್ಲ ಅನ್ಸುತ್ತೆ. ಹೋಗದಿದ್ದದ್ದೇ ಒಳ್ಳೇದಾಯ್ತು. ಇನ್ನು ಕಳಿಸ್ಬೇಡಿ ಅಂತ ಹೇಳೋಕೆ ಬಂದೆ.’

‘ಯಾಕೆ ಸಾರ್?’

‘ನಾಲ್ಕು ಗಂಟೆಗೆ ಹೋಗಿದ್ದೆ. ಎಂಟು ತಿಂಗಳಾದ್ಮೇಲೆ ನನ್ನ ಚಿಕಿತ್ಸೆಯ ಕೊನೇ ದಿನ ಅದು. ಅವರ ಗಂಡ ಬೊಕೆ ಕಳಿಸಿದ್ರಂತೆ, ಮೇಜಿನ ಮೇಲಿತ್ತು. ಎಲ್ಲರಿಗೂ ತೋರಿಸ್ತಾ ಇದ್ರು, ಕಾರ್ಡು ಮಾತ್ರ ಯಾರಿಗೂ ಕೊಡದೆ ಕೈಯಲ್ಲೇ ಇಟ್ಕೊಂಡಿದ್ರು. ಅದರ ಪಕ್ಕ ನನ್ನದೂ ಬಂದು ಕೂತಿದ್ರೆ ಏನು ಚೆನ್ನಾಗಿರ್ತಿತ್ತು ಹೇಳಿ.’ ಆತ ಊರುಗೋಲಿನ ಹಿಡಿಯನ್ನು ಬೆರಳಿನಿಂದ ಉಜ್ಜಿದ. ‘ಸುಳ್ಳು ಯಾಕೆ, ಹೊಟ್ಟೆ ಉರೀತು. ಸುಗಂಧರಾಜ ಕಳಿಸಿದ್ದಾನೆ, ಮಹಾನುಭಾವ! ಹೆಂಡತಿಗೆ ಆ ವಾಸನೆ ಆಗಲ್ಲ ಅನ್ನೋದೂ ಗೊತ್ತಿಲ್ಲ. ಆದ್ರೂ ಆಮೇಲೆ ಅವರು ಅದನ್ನ ಎತ್ತಿ ಮಡಿಲಲ್ಲಿ ಇಟ್ಕೊಂಡು ಕೂತ್ರು. ಅವನಿಗೆ ಅಷ್ಟು ಸಾಕು. ನಾವು ಎಷ್ಟು ತಿಳ್ಕೊಂಡಿದ್ರೂ ಅಷ್ಟೆ.’

ಎಲ್ಲ ಎಷ್ಟು ಸಲೀಸಾಗಿತ್ತೆಂದರೆ ಅವನಿಗೆ ನಗು ಬರುವಂತಾಯಿತು. ಹೌದು ಸಾರ್, ನಿಮ್ಮದು ತಪ್ಪಿಹೋಯಿತು, ಕ್ಷಮಿಸಿ ಎಂದರೆ ಮುಗಿಯಿತು. ಈ ಮನುಷ್ಯ ಆಟೋ ಹತ್ತಿ ಹೋಗುತ್ತಾನೆ, ಇನ್ನು ಆ ಕ್ಲಿನಿಕ್ಕಿಗೆ ಬರುವುದಿಲ್ಲ. ಹೂ ತನ್ನದಾಗುತ್ತದೆ, ಆ ನೋಟ ತನ್ನದಾಗುತ್ತದೆ, ಕೇಳುವವರಿಲ್ಲ. ಒಬ್ಬ ಗಂಡಸು ತನ್ನ ಮೇಲೆ ಹೊಟ್ಟೆಕಿಚ್ಚುಪಟ್ಟಿದ್ದಾನೆ ಎಂಬ ಸುಖ ಕೂಡ ಒಂದು ಕ್ಷಣ ಮೈಯಲ್ಲಿ ಹರಿದಾಡಿತು. ಬಾಯಿ ತೆರೆದ. ಕಸದ ಬುಟ್ಟಿಯಲ್ಲಿ ಮಡಿಸಿ ಹಾಕಿದ್ದ ಕಾಗದ ಕಣ್ಣಿಗೆ ಕಟ್ಟಿತು. ಇವತ್ತೂ ಅವಳು ಕಿಟಕಿ ಮುಚ್ಚುತ್ತಾಳೆ.

‘ಅದು ನಿಮ್ಮ ಬೊಕೇನೇ’ ಎಂದ. ‘ನೀವು ಹೇಳಿದ ಹೂ ಹಾಕ್ಲಿಲ್ಲ. ಬೇಕಂತ್ಲೇ ಸುಗಂಧರಾಜ ಹಾಕಿದೆ. ಕಾರ್ಡು ನನ್ನ ಕೈಯಕ್ಷರದಲ್ಲಿತ್ತು, ಅವಳು ನಾನೇ ಕಳಿಸಿದ್ದು ಅಂದ್ಕೊಂಡ್ಳು. ನಾನೂ ಹೂಂ ಅಂದೆ.’

ಆತನಿಗೆ ಅರ್ಥವಾಗಲಿಲ್ಲ. ‘ನಿಮ್ಮ ಅಕ್ಷರ ಅವರಿಗೆ ಹೇಗೆ...’ ಎಂದವನು ಅರ್ಧಕ್ಕೆ ನಿಲ್ಲಿಸಿದ.

‘ಅವಳ ಗಂಡ ನಾನು.’

ಹೊರಗೆ ಆಟೋದವನು ಹಾರ್ನ್ ಹಾಕಿದ. ಆತ ಸಿಟ್ಟಾಗಬಹುದು, ಊರುಗೋಲು ಎತ್ತಬಹುದು, ಯಜಮಾನಿಯನ್ನು ಕರೆಯಬಹುದು ಎಂದು ಕಾದ. ಎತ್ತಿದ್ದರೆ ಸಮಾಧಾನವಾಗುತ್ತಿತ್ತು. ಆತ ಮಾತ್ರ ಅವನ ಮುಖವನ್ನು, ಅಂಗಿಯನ್ನು, ಹಿಂದಿನ ಬಕೆಟ್ಟುಗಳ ಸಾಲನ್ನು ನಿಧಾನಕ್ಕೆ ನೋಡಿದ.

‘ಎಷ್ಟು ವರ್ಷದಿಂದ ಇಲ್ಲಿದ್ದೀರಾ?’

‘ಹನ್ನೊಂದು.’

‘ತಲೆನೋವಿನ ವಿಷಯ ನಿಮಗೆ...’

‘ಗೊತ್ತಿರ್ಲಿಲ್ಲ.’ ಇಷ್ಟು ನಾಚಿಕೆಯಿಂದ ಅವನು ಯಾವ ಮಾತನ್ನೂ ಆಡಿರಲಿಲ್ಲ. ‘ನಿಮಗೆ ಹೇಗೆ ಹೇಳಿದ್ಲು?’

‘ಹೇಳಿದ್ದೇನಿಲ್ಲ. ಒಂದಿನ ಹಣೆ ಒತ್ಕೊಂಡಿದ್ರು. ಯಾಕೆ ಅಂತ ಕೇಳಿದೆ’ ಎಂದ ಆತ. ‘ಕೇಳಿದೆ, ಅಷ್ಟೆ.’

ಆತ ಎದ್ದೇಳಲು ಊರುಗೋಲಿಗೆ ಕೈಹಾಕಿದ. ಅವನು ಅಡ್ಡ ಬಂದು ನಿಂತ, ಸ್ಟೂಲು ಎಳೆದುಕೊಂಡು ಆತನ ಮುಂದೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತ. ಫೋನು ಹೊಡೆದುಕೊಳ್ಳತೊಡಗಿತು, ಯಾರಿಗೋ ಹೂ ಬೇಕಿತ್ತು. ಎತ್ತಲಿಲ್ಲ. ‘ಇವತ್ತು ಸಂಜೆ ಅವಳಿಗೆ ಎಲ್ಲ ಹೇಳ್ತೀನಿ’ ಎಂದ. ‘ಆಮೇಲೆ ಅವಳು ನನ್ನ ಹತ್ರ ಮಾತಾಡ್ತಾಳೋ ಇಲ್ವೋ. ಅದಕ್ಕೆ ಕೇಳ್ತಾ ಇದ್ದೀನಿ. ಎಂಟು ತಿಂಗಳಲ್ಲಿ ಇನ್ನೂ ಏನೇನು ಹೇಳಿದ್ದಾಳೆ?’

ಆತ ಊರುಗೋಲನ್ನು ಮತ್ತೆ ಕುರ್ಚಿಗೆ ಒರಗಿಸಿದ. ಆಮೇಲೆ ಹೇಳತೊಡಗಿದ. ಮೆಟ್ಟಿಲು ಹತ್ತಿಸುವಾಗ ಹಳೆಯ ಹಾಡು ಗುನುಗುತ್ತಾರೆ ಎಂದ. ಚಿಕ್ಕವರಿದ್ದಾಗ ಈಜಿನಲ್ಲಿ ಬಹುಮಾನ ಬಂದಿತ್ತಂತೆ, ಮತ್ತೆ ಒಮ್ಮೆ ನೀರಿಗಿಳಿಯಬೇಕು ಅನ್ನುತ್ತಿದ್ದರು ಎಂದ. ಒಂದೊಂದು ಮಾತೂ ಬೆಂಕಿಯ ಕಿಡಿಯಂತೆ ಬಂದು ಹೊಟ್ಟೆಗೆ ತಾಗುತ್ತಿತ್ತು. ಆತ ನಿಲ್ಲಿಸಿದಾಗ ಅವನು ಇನ್ನಷ್ಟು ಮುಂದಕ್ಕೆ ಬಾಗಿದ.

‘ಆಮೇಲೆ?’ ಎಂದ.